ಕಾರಿನ ಎ.ಸಿ. ಕಂಪ್ರೆಸರ್ ಹೋಗಿದೆ ಅಂತಾರೆ: ಹೊಸದು ಹಾಕಿಸಬೇಕಾ, ರಿಪೇರಿ ಸಾಕಾ?

ರಾಯಚೂರು ಮಾಸ್ತರ್

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿರುವುದು 82,000 ಕಿ.ಮೀ. ಹೋದ ಬೇಸಿಗೆಯಲ್ಲಿ ಎ.ಸಿ. ತಂಪು ಕಡಿಮೆಯಾಗಿತ್ತು. ಗ್ಯಾಸ್ ತುಂಬಿಸಿದೆ, ಸರಿಹೋಯಿತು. ಈ ವರ್ಷ ಮಾರ್ಚ್ ಶುರುವಿನಲ್ಲಿ ಮತ್ತೆ ಅದೇ ಕಥೆ. ಮತ್ತೆ ತುಂಬಿಸಿದೆ. ಯುಗಾದಿ ಮುಗಿಯುವ ಹೊತ್ತಿಗೆ ಮತ್ತೆ ಬಿಸಿ ಗಾಳಿ. ಈಗ ಎ.ಸಿ. ಗುಂಡಿ ಒತ್ತಿದರೆ ಬಾನೆಟ್ ಒಳಗಿಂದ ಕರಕರ ಸದ್ದು ಬೇರೆ ಬರುತ್ತಿದೆ. ಆಫ್ ಮಾಡಿದರೆ ಸದ್ದು ನಿಲ್ಲುತ್ತದೆ.

ಇಲ್ಲಿ ಮೂರು ಕಡೆ ತೋರಿಸಿದೆ. ಒಬ್ಬರು, ಕಂಪ್ರೆಸರ್ (ಎ.ಸಿ. ಗ್ಯಾಸನ್ನ ಒತ್ತಿ ಸುತ್ತಿಸುವ ಪಂಪ್) ಹೋಗಿದೆ, ಹೊಸದು ಹಾಕಿದರೆ ಗ್ಯಾಸ್ ಸೇರಿ 17,000 ಅಂದರು. ಇನ್ನೊಬ್ಬರು, ಗುಜರಿಯಿಂದ ಹಳೇದು ತಂದು 5,500ಕ್ಕೆ ಮುಗಿಸಿಕೊಡುತ್ತೇನೆ ಅಂದರು. ಮೂರನೆಯವರು, ಬರೀ ಬೇರಿಂಗ್ ಅಷ್ಟೇ ಸರ್, ಸುಮ್ನೆ ಖರ್ಚು ಮಾಡಬೇಡಿ ಅಂದರು. ಯಾರನ್ನ ನಂಬಲಿ ಅಂತ ಗೊತ್ತಾಗುತ್ತಿಲ್ಲ.

ಅಮ್ಮನಿಗೆ ಎಪ್ಪತ್ತೆರಡು ವರ್ಷ. ತಪಾಸಣೆಗೆ ಹೈದರಾಬಾದ್‌ಗೆ ಕರೆದುಕೊಂಡು ಹೋಗಿ ಬರಬೇಕು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ಲ. ಕಿಟಕಿ ಇಳಿಸಿದರೆ ಒಲೆಯ ಮುಂದೆ ಕೂತ ಹಾಗೆ. ಇದು ನಮಗೆ ಶೋಕಿ ಅಲ್ಲ. ತಿಳಿದವರು ದಯವಿಟ್ಟು ಹೇಳಿ.

ಟ್ಯಾಕ್ಸಿ ಬಸು

ಸರ್, ನಾನು ಬಾಡಿಗೆ ಗಾಡಿ ಓಡಿಸುವವನು. ನನ್ನ ಹಳೆಯ ಸೆಡಾನ್‌ಗೆ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಹಾಕಿಸಿದ್ದೆ, ಎರಡು ಬೇಸಿಗೆ ಚೆನ್ನಾಗಿ ಓಡಿತು. ನನ್ನ ಗೆಳೆಯನೂ ಅಂಥದ್ದೇ ಹಾಕಿಸಿದ, ತಿಂಗಳು ತುಂಬುವುದರೊಳಗೆ ಜಾಮ್ ಆಯಿತು. ಇಬ್ಬರದೂ ಒಂದೇ ಗುಜರಿ ಅಂಗಡಿಯ ಮಾಲು. ಗಾಡಿಯನ್ನ ಇನ್ನು ಒಂದೆರಡು ವರ್ಷದಲ್ಲಿ ಮಾರುವವರಿದ್ದರೆ ಹಳೇದು ಹಾಕಿಸಿ. ಅಮ್ಮನ್ನ ಕರೆದುಕೊಂಡು ಹೋಗುವ ಗಾಡಿ ಅಂದರೆ ನಾನಾದರೆ ಹೊಸದೇ ಹಾಕಿಸುತ್ತೇನೆ.

ಹುಬ್ಬಳ್ಳಿ ಎ.ಸಿ. ಗ್ಯಾರೇಜ್

ಮಾಸ್ತರ್, ನಮಸ್ಕಾರ. ನಾನು ಕಾರ್ ಎ.ಸಿ. ಕೆಲಸ ಬಿಟ್ಟು ಬೇರೆ ಮಾಡಿದವನಲ್ಲ. ಅಂಬಾಸಿಡರ್ ಕಾರಿಗೆ ಡ್ಯಾಶ್‌ಬೋರ್ಡ್ ಕೆಳಗೆ ಎ.ಸಿ. ಪೆಟ್ಟಿಗೆ ಕೂರಿಸುತ್ತಿದ್ದ ಕಾಲದಲ್ಲಿ ಕೈಗೆ ಸ್ಪ್ಯಾನರ್ ಹಿಡಿದೆ. ಆಗ ಆರ್-12 ಗ್ಯಾಸ್ ಇತ್ತು, ಆಮೇಲೆ ಆರ್-134ಎ ಬಂತು. ಗ್ಯಾಸ್ ಬದಲಾಯಿತು, ಜನ ಮೋಸ ಹೋಗುವ ಜಾಗ ಮಾತ್ರ ಬದಲಾಗಲಿಲ್ಲ. ನಿಮ್ಮ ಬರಹದಲ್ಲಿ ನನಗೆ ಬೇಜಾರಾದ ವಿಷಯ ಒಂದೇ. ಮೂರು ಜನ ಮೂರು ಮಾತು ಹೇಳಿದರು, ಒಬ್ಬರೂ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿದ ಹಾಗೆ ಕಾಣಲಿಲ್ಲ. ಜ್ವರ ನೋಡದೆ ಔಷಧಿ ಬರೆಯಬಾರದು, ಅಲ್ವಾ?

ಹೊಸದಾ ಹಳೇದಾ ಅನ್ನುವುದು ಎರಡನೇ ಪ್ರಶ್ನೆ. ಅದು ಯಾಕೆ ಹೋಯಿತು ಅನ್ನುವುದು ಮೊದಲನೆಯದು. ಕಂಪ್ರೆಸರ್ ತಾನಾಗಿ ಸಾಯುವುದು ಕಡಿಮೆ. ಸಾಮಾನ್ಯವಾಗಿ ಏನೋ ಒಂದು ಅದನ್ನ ಕೊಂದಿರುತ್ತದೆ. ಅದನ್ನ ಹುಡುಕದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಮನೆ ಮುಂದೆಯೇ ನೀವು ನೋಡಬಹುದಾದದ್ದು ಹೇಳುತ್ತೇನೆ. ಎಂಜಿನ್ ಚಾಲೂ ಮಾಡಿ, ಎ.ಸಿ. ಆಫ್ ಇಟ್ಟು ಕಿವಿಗೊಡಿ. ಆಗಲೂ ಸದ್ದು ಬಂದರೆ ಅದು ಪುಲ್ಲಿ ಬೇರಿಂಗ್. ಯಾಕೆಂದರೆ ಬೆಲ್ಟ್ ಸುತ್ತುವಷ್ಟು ಹೊತ್ತೂ ಪುಲ್ಲಿ ಸುತ್ತುತ್ತಲೇ ಇರುತ್ತದೆ, ಎ.ಸಿ. ಆನ್ ಇರಲಿ ಬಿಡಲಿ. ಆನ್ ಮಾಡಿದಾಗ ಮಾತ್ರ ಸದ್ದು ಅಂದರೆ ತೊಂದರೆ ಕಂಪ್ರೆಸರ್ ಒಳಗೆ, ಇಲ್ಲವೇ ಎ.ಸಿ. ಹಾಕಿದಾಗ ಪುಲ್ಲಿಗೆ ಅಂಟಿ ಕಂಪ್ರೆಸರನ್ನ ತಿರುಗಿಸುವ ಕ್ಲಚ್ ಪ್ಲೇಟ್‌ನಲ್ಲಿ. ನಿಮ್ಮದು ಎರಡನೆಯ ಜಾತಿ. ಅದಕ್ಕೇ ಬರೀ ಬೇರಿಂಗ್ ಅನ್ನುವ ಮಾತು ನನಗೆ ಒಪ್ಪುತ್ತಿಲ್ಲ.

ಇನ್ನೊಂದು. ಎ.ಸಿ. ಹಾಕಿ ರೇಡಿಯೇಟರ್ ಕಡೆ ನೋಡಿ, ಕಂಡೆನ್ಸರ್ (ಗ್ಯಾಸಿನ ಕಾವು ಹೊರಗೆ ಬಿಡುವ ಜಾಲರಿ) ಫ್ಯಾನ್ ತಿರುಗುತ್ತದಾ? ಫ್ಯಾನ್ ನಿಂತಿದ್ದರೆ ಹೈ ಸೈಡ್, ಅಂದರೆ ಕಂಪ್ರೆಸರ್ ಗ್ಯಾಸ್ ಒತ್ತಿ ಕಳಿಸುವ ಕಡೆ, ಒತ್ತಡ ಏರಿ ಪ್ರೆಶರ್ ಸ್ವಿಚ್ ಕಂಪ್ರೆಸರನ್ನ ನಿಲ್ಲಿಸಿಬಿಡುತ್ತದೆ. ಗಾಡಿ ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಅಂದರೆ ಮೊದಲು ಫ್ಯಾನ್ ಮೇಲೆ, ಕಸ ಕಟ್ಟಿದ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು. ಎಷ್ಟೋ ಒಳ್ಳೆಯ ಕಂಪ್ರೆಸರ್‌ಗಳು ಫ್ಯಾನಿನ ಒಂದು ಫ್ಯೂಸ್ ಸಲುವಾಗಿ ಗುಜರಿಗೆ ಹೋಗಿವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು ಗೇಜ್. ಗ್ಯಾಸ್ ಕಂಪ್ರೆಸರ್ ಕಡೆ ವಾಪಸ್ ಬರುವ ಲೋ ಸೈಡಿಗೆ ಒಂದು, ಹೈ ಸೈಡಿಗೆ ಒಂದು, ಎರಡೂ ಹಚ್ಚಿಸಿ. ಒಂದೇ ಗೇಜ್ ನೋಡಿ ಹೇಳುವವರ ಮಾತು ಕೇಳಬೇಡಿ. ನಿಮ್ಮೂರಿನ ಬಿಸಿಲಿಗೆ, 37-38 ಡಿಗ್ರಿ ಅಂತ ಇಟ್ಟುಕೊಳ್ಳಿ, ಚೆನ್ನಾಗಿರುವ ಆರ್-134ಎ ಎ.ಸಿ.ಯಲ್ಲಿ ಲೋ ಸೈಡ್ ಹೆಚ್ಚುಕಡಿಮೆ 35ರಿಂದ 55 ಪಿ.ಎಸ್.ಐ., ಹೈ ಸೈಡ್ 220ರಿಂದ 300ರ ಒಳಗೆ ಇರುತ್ತದೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಸೋರಿದೆ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್‌ಗೆ ಗಾಳಿ ಸಿಗುತ್ತಿಲ್ಲ. ಲೋ ಸೈಡ್ ತೀರಾ ಕೆಳಗೆ ಇಳಿದು ಸೊನ್ನೆ ಹತ್ತಿರ ಹೋದರೆ, ಒಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿದೆ. ಲೋ ಸೈಡ್ ಏರಿ ಹೈ ಸೈಡ್ ಇಳಿದು ಎರಡೂ ಹತ್ತಿರ ಹತ್ತಿರ ಬಂದರೆ ಮಾತ್ರ ಕಂಪ್ರೆಸರ್ ಒತ್ತುತ್ತಿಲ್ಲ ಅಂತ ಅರ್ಥ.

ಗ್ಯಾರೇಜಿನವರು ಎಂಜಿನ್ ಆಫ್ ಮಾಡಿ ಗೇಜ್ ತೋರಿಸಿ, ನೋಡಿ ಗ್ಯಾಸ್ ಫುಲ್ ಇದೆ ಅಂತ ಹೇಳಿದರೆ ನಂಬಬೇಡಿ. ಎಂಜಿನ್ ನಿಂತಾಗ ಒತ್ತಡ ಹೊರಗಿನ ಬಿಸಿಲಿನ ಮೇಲೆ ನಿಂತಿರುತ್ತದೆ. 35 ಡಿಗ್ರಿಗೆ ಸುಮಾರು 115 ಬರುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ.

ನೋಡಿಸಿ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಎ.ಸಿ. ಗುಂಡಿ ಮುಟ್ಟಬೇಡಿ, ಕೈ ಮುಗಿದು ಕೇಳುತ್ತೇನೆ. ಕರಕರ ಅನ್ನುವಾಗ ಒಳಗೆ ಲೋಹ ತೇಯುತ್ತಿರುತ್ತದೆ. ಆ ಪುಡಿ ಪೈಪ್ ತುಂಬಾ ಹರಡುತ್ತದೆ.

ರಾಯಚೂರು ಮಾಸ್ತರ್

ಅಣ್ಣಾ, ತುಂಬಾ ಉಪಕಾರವಾಯಿತು. ನೀವು ಹೇಳಿದ್ದನ್ನ ಕಾಗದದಲ್ಲಿ ಬರೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ಕಡೆ ಒಬ್ಬ ಹುಡುಗ ಇದ್ದಾನೆ, ಎರಡು ಗೇಜ್ ಇಟ್ಟಿದ್ದಾನೆ, ಮಾತಾಡುವುದು ಕಡಿಮೆ. ಅವನ ಹತ್ತಿರ ನೋಡಿಸಿದೆ.

ಬೆಳಿಗ್ಗೆ 11ರ ಹೊತ್ತು, 37 ಡಿಗ್ರಿ. ಎಂಜಿನ್ ಆಫ್ ಇದ್ದಾಗ ಎರಡೂ 120. ಚಾಲೂ ಮಾಡಿ, ಎ.ಸಿ. ಹಾಕಿ, 1,500 ಆರ್.ಪಿ.ಎಂ. ಹಿಡಿದಾಗ ಲೋ ಸೈಡ್ 75, ಹೈ ಸೈಡ್ 130. ಫ್ಯಾನ್ ತಿರುಗುತ್ತದೆ. ಕ್ಲಚ್ ಟಕ್ ಅಂತ ಹಿಡಿಯುತ್ತದೆ, ಮುಂದಿನ ಪ್ಲೇಟ್ ಸುತ್ತುತ್ತದೆ. ಕಂಡೆನ್ಸರ್ ಕೆಳಗಿನ ಮೂಲೆಯಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಹಪ್ಪಳದ ಹಾಗೆ ಕಟ್ಟಿದೆ. ಹುಡುಗ ಅದನ್ನೇ ಬೆರಳಿಟ್ಟು ತೋರಿಸಿದ.

ಇನ್ನೊಂದು ನೆನಪಾಯಿತು. ಮಾರ್ಚ್‌ನಲ್ಲಿ ಗ್ಯಾಸ್ ತುಂಬಿಸಿದ ಕಡೆ ಕಂಪ್ರೆಸರ್ ಹಿಡಿಯುತ್ತಿರಲಿಲ್ಲ. ಅವರು ಏನೋ ವೈರ್ ಹಚ್ಚಿ ನೇರ ಓಡಿಸಿ ಗ್ಯಾಸ್ ಎಳೆಸಿದರು. ಅದರಿಂದ ಏನಾದರೂ ಆಯಿತಾ?

ಹುಬ್ಬಳ್ಳಿ ಎ.ಸಿ. ಗ್ಯಾರೇಜ್

ಮಾಸ್ತರ್, ನಿಮ್ಮ ಆ ಹುಡುಗನನ್ನ ಬಿಡಬೇಡಿ. ಕೆಲಸ ಅವನಿಗೇ ಕೊಡಿ.

75 ಮತ್ತು 130 ಅಂದರೆ ಕಂಪ್ರೆಸರ್ ಒಳಗೆ ತೇದು ಹೋಗಿದೆ, ಅನುಮಾನ ಇಲ್ಲ. ಕ್ಲಚ್ ಹಿಡಿಯುತ್ತಿದೆ, ಸುತ್ತುತ್ತಿದೆ, ಆದರೆ ಒತ್ತಡ ಏಳುತ್ತಿಲ್ಲ. ಹಾಗಾಗಿ 17,000 ಅಂದವರು ರೋಗ ಸರಿಯಾಗಿಯೇ ಹೇಳಿದ್ದರು. ಆದರೆ ಕಾರಣ ನೋಡಲಿಲ್ಲ. ಕಾರಣ ಆ ಕಂಡೆನ್ಸರ್ ಮೂಲೆಯಲ್ಲಿದೆ.

ಬಿಡಿಸಿ ಹೇಳುತ್ತೇನೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಎಂಜಿನ್ ಆಯಿಲ್ ತರಹ ಒಂದೇ ಕಡೆ ನಿಂತಿರುವುದಿಲ್ಲ. ಅದು ಗ್ಯಾಸ್ ಜೊತೆ ಪೈಪಿನಲ್ಲಿ ಸುತ್ತುತ್ತಿರುತ್ತದೆ. ಸಣ್ಣ ಗಾಡಿಗಳಲ್ಲಿ ಒಟ್ಟು ಎಣ್ಣೆ 80ರಿಂದ 150 ಮಿ.ಲೀ., ಅಷ್ಟೇ. ಎಲ್ಲಿ ಗ್ಯಾಸ್ ಸೋರುತ್ತದೋ ಅಲ್ಲಿ ಎಣ್ಣೆಯೂ ಸೋರುತ್ತದೆ. ಜಿಡ್ಡು ಕಂಡದ್ದು ಅದಕ್ಕೇ. ಹೋದ ವರ್ಷ ತುಂಬಿಸಿದಾಗ ಗ್ಯಾಸ್ ಬಂತು, ಹೋದ ಎಣ್ಣೆ ವಾಪಸ್ ಬರಲಿಲ್ಲ. ಈ ವರ್ಷವೂ ಹಾಗೇ.

ಇನ್ನು ಆ ವೈರ್ ವಿಷಯ. ಗ್ಯಾಸ್ ತೀರಾ ಕಡಿಮೆಯಾದರೆ ಕಂಪ್ರೆಸರ್ ಹಿಡಿಯಬಾರದು ಅಂತಲೇ ಕಂಪನಿಯವರು ಪ್ರೆಶರ್ ಸ್ವಿಚ್ ಇಟ್ಟಿರುತ್ತಾರೆ. ಗ್ಯಾಸ್ ಇಲ್ಲ ಅಂದರೆ ಎಣ್ಣೆ ಹೊತ್ತು ತರುವವರಿಲ್ಲ. ಆ ಸ್ವಿಚ್ ತಪ್ಪಿಸಿ ಓಡಿಸಿದರೆ ಒಣ ಓಟ. ಪಿಸ್ಟನ್, ಅದನ್ನ ತಳ್ಳುವ ಸ್ವಾಶ್ ಪ್ಲೇಟ್ ಎಲ್ಲಾ ಎಣ್ಣೆ ಇಲ್ಲದೆ ಉಜ್ಜುತ್ತವೆ. ನಿಮ್ಮ ಕಂಪ್ರೆಸರ್ ಆವತ್ತೇ ಅರ್ಧ ಹೋಗಿರಬೇಕು. ಮೊದಲು ವ್ಯಾಕ್ಯೂಮ್ ಎಳೆದು, ಅಂದರೆ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ-ತೇವ ತೆಗೆದು, ಎಂಜಿನ್ ನಿಂತಿರುವಾಗಲೇ ಹೈ ಸೈಡಿನಿಂದ ತೂಕ ಮಾಡಿ ಗ್ಯಾಸ್ ಬಿಟ್ಟಿದ್ದರೆ ವೈರ್ ಹಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ. ಹತ್ತು ನಿಮಿಷ ಉಳಿಸಲು ಹೀಗೆ ಮಾಡುತ್ತಾರೆ. ನನಗೆ ಇದು ಸಿಟ್ಟು ತರಿಸುವ ವಿಷಯ.

ರಿಪೇರಿ ಆಗುತ್ತದಾ ಅಂತ ಕೇಳಿದ್ದಿರಿ. ಕೆಲವು ಕಾಯಿಲೆಗೆ ಆಗುತ್ತದೆ, ಧೈರ್ಯವಾಗಿ ಮಾಡಿಸಬಹುದು. ಪುಲ್ಲಿ ಬೇರಿಂಗ್ ಹೋದರೆ ಬೇರಿಂಗ್ ಸಾಕು. ಶಾಫ್ಟ್ ಸೀಲ್ ಸೋರಿದರೆ ಸೀಲ್ ಸಾಕು. ಕ್ಲಚ್ ಹಿಡಿಸುವ ತಂತಿ ಸುತ್ತು, ಅಂದರೆ ಕ್ಲಚ್ ಕಾಯಿಲ್, ಸುಟ್ಟರೆ ಆ ಕಾಯಿಲ್ ಸಾಕು. ಮೀಟರ್ ಹಿಡಿದರೆ ಒಳ್ಳೆಯ ಕಾಯಿಲ್ 3ರಿಂದ 4 ಓಮ್ ಆಸುಪಾಸು ತೋರಿಸುತ್ತದೆ. ಬೆಳಿಗ್ಗೆ ಎ.ಸಿ. ಚೆನ್ನಾಗಿ ಬಂದು, ಎಂಜಿನ್ ಕಾದ ಮೇಲೆ ಕ್ಲಚ್ ಹಿಡಿಯದೆ ಹೋದರೆ ಪ್ಲೇಟ್ ಸವೆದು ಸಂದು ಜಾಸ್ತಿಯಾಗಿರುತ್ತದೆ. ಆ ಸಂದು ಅರ್ಧ ಮಿಲಿಮೀಟರ್ ಸುತ್ತಮುತ್ತ ಇರಬೇಕು. ಒಳಗಿನ ತೆಳು ವಾಷರ್, ಅಂದರೆ ಶಿಮ್, ಒಂದು ತೆಗೆದರೆ ಎಷ್ಟೋ ಗಾಡಿಗಳು ಮತ್ತೆ ವರ್ಷಗಟ್ಟಲೆ ಓಡುತ್ತವೆ. ಆದರೆ ಒಳಗೆ ಪಿಸ್ಟನ್ ಓಡಾಡುವ ಬೋರ್ ಗೀಚಿದ ಮೇಲೆ ರಿಪೇರಿ ಮಾಡಿಸಬೇಡಿ. ಹೊಸ ಸೀಲ್ ಹಾಕಿ, ಬಣ್ಣ ಹೊಡೆದು, ರೀಬಿಲ್ಟ್ ಅಂತ ಕೊಡುತ್ತಾರೆ. ಗೀಚಿದ ಬೋರ್ ಹಾಗೇ ಇರುತ್ತದೆ. ನಿಮ್ಮದಕ್ಕೆ ಹೊಸದೇ ಆಗಬೇಕು.

ಬಸು ಅವರು ಹೇಳಿದ ಗುಜರಿ ಮಾಲಿನ ಬಗ್ಗೆ. ಎರಡು ಕಂಪ್ರೆಸರ್‌ಗೆ ಎರಡು ಗತಿ ಆದದ್ದಕ್ಕೆ ನನ್ನ ಅನುಭವದಲ್ಲಿ ಕಾರಣ ಅದರ ಬಾಯಿ. ಪೈಪ್ ಬಿಚ್ಚಿದ ತೂತು ಮುಚ್ಚದೆ ಶೆಡ್‌ನಲ್ಲಿ ಒಗೆದಿದ್ದರೆ ಒಳಗಿನ ಪಿ.ಎ.ಜಿ. ಜಾತಿಯ ಕಂಪ್ರೆಸರ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಂದು ಮಳೆಗಾಲ ಕಳೆದರೆ ಮುಗಿಯಿತು. ಅಪಘಾತದ ಗಾಡಿಯದು, ತೂತಿಗೆ ಮುಚ್ಚಳ ಇದೆ, ಎಣ್ಣೆ ಬಗ್ಗಿಸಿದರೆ ತಿಳಿಯಾಗಿದೆ, ಶಾಫ್ಟ್ ಕೈಯಲ್ಲಿ ಸಮನಾಗಿ ತಿರುಗುತ್ತದೆ ಅಂದರೆ ತೆಗೆದುಕೊಳ್ಳಬಹುದು. ಕಪ್ಪು ಎಣ್ಣೆಯಲ್ಲಿ ಮಿಣಮಿಣ ಪುಡಿ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ.

ಈಗ ನಿಮ್ಮ ಕೆಲಸ. ಹಳೆಯ ಕಂಪ್ರೆಸರ್ ಬಿಚ್ಚಿದಾಗ ಎಣ್ಣೆಯನ್ನ ಬಿಳಿ ಲೋಟಕ್ಕೆ ಬಗ್ಗಿಸಿ ನೋಡಿ. ಬೂದು ಬಣ್ಣ, ಹೊಳೆಯುವ ಪುಡಿ ಇದ್ದರೆ ಅದು ಕಂಡೆನ್ಸರ್‌ವರೆಗೂ ಹೋಗಿದೆ ಅಂತಲೇ ತಿಳಿಯಿರಿ. ಈಗಿನ ಕಂಡೆನ್ಸರ್ ಪಟ್ಟಿಗಳಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ತೂತುಗಳು ಇರುತ್ತವೆ. ಅವನ್ನ ತೊಳೆದು ಚೊಕ್ಕ ಮಾಡಿದೆ ಅನ್ನುವುದು ಆಗದ ಮಾತು. ಹೇಗೂ ನಿಮ್ಮದು ಸೋರುತ್ತಿದೆ, ಹೊಸದೇ ಹಾಕಿಸಿ. ತೇವ ಹೀರುವ ಡ್ರೈಯರ್ ಬಹಳ ಗಾಡಿಗಳಲ್ಲಿ ಅದರ ಪಕ್ಕದ ಕೊಳವೆಯಲ್ಲೇ ಇರುತ್ತದೆ, ಅದೂ ಹೊಸದಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ಹೊಸದು. ಕೂಲಿಂಗ್ ಕಾಯಿಲ್ ಮತ್ತು ಪೈಪ್‌ಗಳನ್ನ ಫ್ಲಶ್ ದ್ರವ ಹಾಕಿ ತೊಳೆದು ನೈಟ್ರೋಜನ್‌ನಲ್ಲಿ ಊದಿ ಒಣಗಿಸಲಿ. ಜೋಡಣೆಗಳ ರಬ್ಬರ್ ಓ-ರಿಂಗ್ ಎಲ್ಲಾ ಹೊಸದು, ಎಣ್ಣೆ ಸವರಿ ಹಾಕಬೇಕು.

ಎಣ್ಣೆ ಲೆಕ್ಕ ಗಟ್ಟಿಯಾಗಿ ಕೇಳಿ. ಕೆಲವು ಹೊಸ ಕಂಪ್ರೆಸರ್‌ನಲ್ಲಿ ಎಣ್ಣೆ ತುಂಬಿ ಬರುತ್ತದೆ, ಕೆಲವು ಖಾಲಿ ಬರುತ್ತವೆ. ಬಗ್ಗಿಸಿ ಅಳೆದು, ಕಂಪನಿ ಹೇಳಿದ ದರ್ಜೆಯ ಎಣ್ಣೆ, ಹೇಳಿದಷ್ಟೇ ಮಿ.ಲೀ. ಇರಬೇಕು. ಕಡಿಮೆಯಾದರೆ ಸಾಯುತ್ತದೆ. ಜಾಸ್ತಿಯಾದರೆ ಕೂಲಿಂಗ್ ಕಾಯಿಲ್ ಒಳಗೆ ಎಣ್ಣೆ ಕೂತು ತಂಪು ಕಡಿಮೆ. ಕೂರಿಸಿದ ಮೇಲೆ ಚಾಲೂ ಮಾಡುವ ಮುಂಚೆ ಕ್ಲಚ್ ಪ್ಲೇಟನ್ನ ಕೈಯಿಂದ ಹತ್ತು ಸುತ್ತು ತಿರುಗಿಸಲಿ. ಸಿಲಿಂಡರ್‌ನಲ್ಲಿ ಕೂತ ಎಣ್ಣೆ ಹೊರಗೆ ಬರುತ್ತದೆ. ಹಾಗೇ ಹಿಡಿಸಿದರೆ ಒಳಗಿನ ತೆಳು ತಗಡಿನ ರೀಡ್ ವಾಲ್ವ್ ಮುರಿಯಬಹುದು.

ಆಮೇಲೆ ನೈಟ್ರೋಜನ್ 150 ಪಿ.ಎಸ್.ಐ. ಹಾಕಿ ಸೋಪಿನ ನೀರಿನಿಂದ ಜೋಡಣೆಗಳೆಲ್ಲ ನೋಡಲಿ. ವ್ಯಾಕ್ಯೂಮ್ ಅರ್ಧ ಗಂಟೆಗೆ ಕಡಿಮೆ ಬೇಡ. ಪಂಪ್ ನಿಲ್ಲಿಸಿ ಮುಳ್ಳು ಏರುತ್ತದಾ ಅಂತ ಹತ್ತು ನಿಮಿಷ ಕಾಯಲಿ. ಗ್ಯಾಸ್ ಎಷ್ಟು ಗ್ರಾಂ ಅಂತ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿದೆ. ಕಾಟಾ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ಬಿಡಬೇಕು, ಅಂದಾಜಿಗಲ್ಲ. ಮಾರ್ಕೆಟ್ಟಿಗಿಂತ ತೀರಾ ಅಗ್ಗದ ಹೆಸರಿಲ್ಲದ ಕ್ಯಾನ್ ತಂದರೆ ಬೇಡ ಅನ್ನಿ. ಕಲಬೆರಕೆ ಗ್ಯಾಸಿನಲ್ಲಿ ಆರ್-40 ಅನ್ನುವುದು ಸೇರಿದ್ದರೆ ಅದು ಅಲ್ಯೂಮಿನಿಯಂ ಜೊತೆ ಕೂಡಿ ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಸೋರಿಕೆ ಮುಚ್ಚುವ ಬಾಟಲಿ ದ್ರವವೂ ಬೇಡ. ತೇವ ಇದ್ದ ಕಡೆ ಅದು ಗಟ್ಟಿಯಾಗಿ ವಾಲ್ವ್ ಕಟ್ಟಿಸುತ್ತದೆ.

ಖರ್ಚು 17,000 ದಾಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬರೀ ಕಂಪ್ರೆಸರ್ ಬದಲಿಸಿದರೆ ಅದೇ ಸೋರುವ ಕಂಡೆನ್ಸರ್, ಅದೇ ಪುಡಿ. ಮುಂದಿನ ಬೇಸಿಗೆಗೆ ಇನ್ನೊಂದು 17,000.

ಮೈಸೂರು ಇವಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ ಸರ್. ನನ್ನದು ಎಲೆಕ್ಟ್ರಿಕ್ ಕಾರು, ಅದರಲ್ಲಿ ಬೆಲ್ಟೇ ಇಲ್ಲ. ವಾರಂಟಿ ಮುಗಿದ ಮೇಲೆ ನಮ್ಮಂಥವರೂ ಹೊರಗಿನ ಎ.ಸಿ. ಅಂಗಡಿಗೆ ಹೋಗಬಹುದಾ?

ಹುಬ್ಬಳ್ಳಿ ಎ.ಸಿ. ಗ್ಯಾರೇಜ್

ಮೇಡಂ, ಒಳ್ಳೆಯ ಪ್ರಶ್ನೆ. ಇವಿ ಕೆಲಸ ಕಲಿತವರ ಹತ್ತಿರ ಮಾತ್ರ ಹೋಗಿ. ನಿಮ್ಮ ಕಂಪ್ರೆಸರ್ ಒಳಗೆ ಮೋಟಾರ್ ಇದೆ, ಅದರ ತಂತಿ ಸುತ್ತು ಗ್ಯಾಸ್ ಮತ್ತು ಎಣ್ಣೆಯಲ್ಲೇ ಮುಳುಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಪಿ.ಒ.ಇ. ಜಾತಿಯ ಎಣ್ಣೆ ಹಾಕುತ್ತಾರೆ, ಅದು ಕರೆಂಟ್ ತಡೆಯುತ್ತದೆ. ಬೆಲ್ಟ್ ಗಾಡಿಗೆ ಹಾಕುವ ಪಿ.ಎ.ಜಿ. ಎಣ್ಣೆ ಹಾಗೆ ತಡೆಯುವುದಿಲ್ಲ. ಗ್ಯಾಸ್ ತುಂಬುವ ಹಳೆಯ ಮೆಷಿನ್ ಪೈಪಿನಲ್ಲಿ ಉಳಿದ ಪಿ.ಎ.ಜಿ. ಸ್ವಲ್ಪ ಸೇರಿದರೂ ಇನ್ಸುಲೇಷನ್ ಕೆಡುತ್ತದೆ, ಗಾಡಿ ದೋಷ ತೋರಿಸಿ ನಿಲ್ಲಬಹುದು. ಕಿತ್ತಳೆ ಬಣ್ಣದ ವೈರ್ ಯಾರಿಗೂ ಮುಟ್ಟಲು ಬಿಡಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಬಹಳ ಇವಿಗಳಲ್ಲಿ ಬ್ಯಾಟರಿ ತಂಪಾಗುವುದೂ ಇದೇ ಕಂಪ್ರೆಸರ್‌ನಿಂದ. ಹಾಗಾಗಿ ತಂಪು ಕಡಿಮೆಯಾದರೆ ತಡ ಮಾಡಬೇಡಿ.

ಟ್ಯಾಕ್ಸಿ ಬಸು

ಅಣ್ಣಾ, ಒಂದು ಡೌಟು. ಕಂಪ್ರೆಸರ್ ಕೆಟ್ಟ ಗಾಡಿಯನ್ನ ಹಾಗೇ ಎ.ಸಿ. ಇಲ್ಲದೆ ಓಡಿಸಬಹುದಾ? ಬೆಲ್ಟ್ ಕತ್ತರಿಸಿ ಎಸೆಯಿರಿ ಅಂತಾರೆ.

ಹುಬ್ಬಳ್ಳಿ ಎ.ಸಿ. ಗ್ಯಾರೇಜ್

ಬಸು, ಮೊದಲು ಆ ಬೆಲ್ಟ್ ಏನೇನು ತಿರುಗಿಸುತ್ತದೆ ನೋಡು. ಎ.ಸಿ.ಗೆ ಬೇರೆ ಬೆಲ್ಟ್ ಇದ್ದರೆ ತೆಗೆದು ಡಿಕ್ಕಿಯಲ್ಲಿ ಇಡು, ಗಾಡಿಗೆ ಏನೂ ಆಗುವುದಿಲ್ಲ. ಒಂದೇ ಬೆಲ್ಟ್ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಕೂಡ ತಿರುಗಿಸುತ್ತಿದ್ದರೆ ತೆಗೆಯುವ ಹಾಗಿಲ್ಲ. ಪುಲ್ಲಿ ಸಲೀಸಾಗಿ ಸುತ್ತುತ್ತಿದ್ದರೆ ಎ.ಸಿ. ಹಾಕದೆ ಓಡಿಸಬಹುದು. ಪುಲ್ಲಿ ಬೇರಿಂಗೇ ಕಿರುಚುತ್ತಿದ್ದರೆ ದೂರದ ಬಾಡಿಗೆ ಒಪ್ಪಬೇಡ. ಅದು ಹಿಡಿದುಕೊಂಡರೆ ಬೆಲ್ಟ್ ಹರಿದು ಎಂಜಿನ್ ಬಿಸಿಯೇರುತ್ತದೆ.

ರಾಯಚೂರು ಮಾಸ್ತರ್

ಅಣ್ಣಾ, ಕೆಲಸ ಮುಗಿಯಿತು. ಎಣ್ಣೆ ಬಗ್ಗಿಸಿದಾಗ ಲೋಟದ ತಳಕ್ಕೆ ಮಾತ್ರ ಬಂತು, 20 ಮಿ.ಲೀ. ಇರಬಹುದು. ಬೂದು ಬಣ್ಣ, ಬಿಸಿಲಿಗೆ ಹಿಡಿದರೆ ಮಿಂಚುವ ಪುಡಿ. ಹುಡುಗ ಅದನ್ನ ನೋಡಿ ತಲೆ ಅಲ್ಲಾಡಿಸಿದ. ನೀವು ಹೇಳಿದ ಹಾಗೆಯೇ ಕಂಡೆನ್ಸರ್, ವಾಲ್ವ್, ಓ-ರಿಂಗ್ ಎಲ್ಲಾ ಬದಲಾಯಿಸಿದ.

ಬಿಲ್ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ. ಹೊಸ ಕಂಪ್ರೆಸರ್ ಕ್ಲಚ್ ಸಮೇತ 13,400. ಕಂಡೆನ್ಸರ್ ಡ್ರೈಯರ್ ಸಮೇತ 4,600. ಎಕ್ಸ್‌ಪ್ಯಾನ್ಷನ್ ವಾಲ್ವ್ 950. ಫ್ಲಶ್, ಎಣ್ಣೆ, ಗ್ಯಾಸ್, ಓ-ರಿಂಗ್ ಎಲ್ಲಾ ಸೇರಿ 2,700. ಕೂಲಿ 2,500. ಒಟ್ಟು 24,150. ದೊಡ್ಡ ಮೊತ್ತವೇ. ಆದರೆ ಹಳೆಯ ಭಾಗಗಳನ್ನ ಎದುರಿಗಿಟ್ಟು ತೋರಿಸಿದ, ನನಗೆ ಸಮಾಧಾನ ಇದೆ.

ಮಧ್ಯಾಹ್ನ 2 ಗಂಟೆಗೆ 40 ಡಿಗ್ರಿಯಲ್ಲಿ ನೋಡಿದೆವು. ಲೋ ಸೈಡ್ 45, ಹೈ ಸೈಡ್ 265. ನಡುವಿನ ಗಾಳಿ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟಾಗ 10 ಡಿಗ್ರಿ. ಅಮ್ಮ ಹಿಂದಿನ ಸೀಟಿನಲ್ಲಿ ಶಾಲು ಕೇಳಿದರು.

ಇನ್ನು ಮುಂದೆ ನಾನು ಏನೇನು ನೋಡಿಕೊಳ್ಳಬೇಕು ಹೇಳಿ.

ಹುಬ್ಬಳ್ಳಿ ಎ.ಸಿ. ಗ್ಯಾರೇಜ್

ಮಾಸ್ತರ್, ಓದಿ ಖುಷಿಯಾಯಿತು. 40 ಡಿಗ್ರಿಗೆ 45 ಮತ್ತು 265 ಒಳ್ಳೆಯ ಅಂಕ.

ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ. ಎಣ್ಣೆ ಸುತ್ತಿ ಶಾಫ್ಟ್ ಸೀಲ್ ಒಣಗದೆ ಇರುತ್ತದೆ. ಕಂಡೆನ್ಸರ್ ಮುಂದಿನ ಧೂಳನ್ನ ಮೆಲ್ಲಗೆ ಪೈಪ್ ನೀರಿನಿಂದ ತೊಳೆಯಿರಿ. ಜೋರು ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚುತ್ತವೆ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಒಂದೆರಡು ನಿಮಿಷ ಕಿಟಕಿ ಇಳಿಸಿ ಒಳಗಿನ ಕಾವು ಹೊರಗೆ ಬಿಡಿ, ಆಮೇಲೆ ಎ.ಸಿ. ಕ್ಯಾಬಿನ್ ಫಿಲ್ಟರ್ ನಿಮ್ಮೂರಿನ ಧೂಳಿಗೆ ವರ್ಷಕ್ಕೊಮ್ಮೆಯಾದರೂ ಹೊಸದು ಬೇಕು.

ತಿಂಗಳು ಬಿಟ್ಟು ಆ ಹುಡುಗನ ಹತ್ತಿರವೇ ಒಮ್ಮೆ ಗೇಜ್ ಹಚ್ಚಿಸಿ ನೋಡಿ, ಜೋಡಣೆಗಳ ಸುತ್ತ ಜಿಡ್ಡು ಇದೆಯಾ ಅಂತಲೂ ನೋಡಿಸಿ. ಇವತ್ತಿನ ಅಂಕ ಬಿಲ್ ಹಿಂದೆ ಬರೆದಿಡಿ. ಯಾವತ್ತಾದರೂ ಯಾರಾದರೂ ಗ್ಯಾಸ್ ಕಡಿಮೆ ಇದೆ ಅಂದರೆ ತುಂಬಿಸುವ ಮೊದಲು ಎಲ್ಲಿ ಸೋರುತ್ತಿದೆ ತೋರಿಸಿ ಅಂತ ಕೇಳಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.